ಸಹಾಯ ಬೇಕು: ತತ್ಯಾನಾ ಲೆಬೆದೆವಾ ಅವರ ಟ್ರಿಪಲ್ ಜಂಪ್ ವಿಡಿಯೋ

ಎಲ್ಲರಿಗೂ ನಮಸ್ಕಾರ. ರಷ್ಯಾದ ತತ್ಯಾನಾ ಲೆಬೆದೆವಾ ಅವರ ಹಳೇ ವಿಡಿಯೋ ಯಾರ ಹತ್ರ ಆದ್ರೂ ಇದೆಯಾ? ಟ್ರಿಪಲ್ ಜಂಪ್ ಕಲಿಯುವ ಮಕ್ಕಳಿಗೆ ತೋರಿಸಬೇಕಿತ್ತು.

ಮುಖ್ಯವಾಗಿ ಬೇಕಿರುವುದು 2004ರ ಬುಡಾಪೆಸ್ಟ್ ವಿಶ್ವ ಒಳಾಂಗಣ ಚಾಂಪಿಯನ್‌ಶಿಪ್‌ನ 15.36 ಮೀಟರ್ ಜಿಗಿತ. 2020ರಲ್ಲಿ ವೆನೆಜುವೆಲಾದ ಯೂಲಿಮಾರ್ ರೋಹಾಸ್ 15.43 ಹಾರುವ ತನಕ ಆ ಒಳಾಂಗಣ ವಿಶ್ವ ದಾಖಲೆ ಅಲುಗಾಡಲಿಲ್ಲ! ಪಕ್ಕದಿಂದ ತೆಗೆದ ಸ್ಲೋ ಮೋಷನ್ ಆದರೆ ಇನ್ನೂ ಒಳ್ಳೇದು. ಹಾಪ್‌ನಲ್ಲಿ, ಅಂದ್ರೆ ಮೊದಲ ಜಿಗಿತದಲ್ಲಿ, ಜಿಗಿಯಲು ಬೋರ್ಡ್ ಒತ್ತಿದ ಕಾಲಿನ ಮೇಲೇ ಇಳಿಯಬೇಕು, ಎರಡನೆಯದಾದ ಸ್ಟೆಪ್‌ನಲ್ಲಿ ಇನ್ನೊಂದು ಕಾಲು, ಅಲ್ವಾ? ನಮ್ಮ ಮಕ್ಕಳು ಮೊದಲ ಜಿಗಿತಕ್ಕೇ ಶಕ್ತಿಯೆಲ್ಲಾ ಸುರಿದುಬಿಡುತ್ತಾರೆ. ನಡುವಿನ ಸ್ಟೆಪ್ ಸುಮ್ನೆ ಒಂದು ಹೆಜ್ಜೆ ಆಗಿಹೋಗುತ್ತೆ.

ಇನ್ನೊಂದು ವಿಷಯ. ಅವರ ಸಾಧನೆಯ ಚಾರ್ಟ್ ಮಾಡುತ್ತಿದ್ದೇನೆ. ಟ್ರಿಪಲ್ ಜಂಪ್‌ನಲ್ಲಿ 2001, 2003ರ ವಿಶ್ವ ಚಿನ್ನ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕಂಚು, ಜೊತೆಗೆ ಲಾಂಗ್ ಜಂಪ್ ಚಿನ್ನ. ಆದರೆ 2008ರ ಬೀಜಿಂಗ್‌ನ ಎರಡೂ ಬೆಳ್ಳಿಗಳನ್ನು 2017ರಲ್ಲಿ ಕಿತ್ತುಕೊಂಡರು. ಮರುಪರೀಕ್ಷೆಯಲ್ಲಿ ನಿಷೇಧಿತ ಸ್ಟೀರಾಯ್ಡ್ ಟುರಿನಾಬಾಲ್ ಸಿಕ್ಕಿತ್ತು. ಇದನ್ನೂ ಚಾರ್ಟ್‌ನಲ್ಲಿ ಬರೆಯಲೇಬೇಕು ಅಂತ ನನ್ನ ಅನಿಸಿಕೆ. ಹನ್ನೆರಡು ವರ್ಷದ ಮಕ್ಕಳಿಗೆ ಡೋಪಿಂಗ್ ಬಗ್ಗೆ ಹೇಗೆ ಹೇಳುತ್ತೀರಿ? ಕೋಚ್‌ಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.