ಅಣ್ಣನ ಅಲ್ಸರ್ ಮಾತ್ರೆ ಮತ್ತು ಕಪ್ಪು ಮೋಷನ್: ಅತ್ತಿಗೆಗೆ ಉತ್ತರ

ಅತ್ತಿಗೆ, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು. ಅಣ್ಣನಿಗೆ ಅಲ್ಸರ್ ಮಾತ್ರೆ ಶುರುವಾಗಿ ಇವತ್ತಿಗೆ ಐದು ದಿನ, ಮೋಷನ್ ಕಪ್ಪಗೆ ಹೋಗುತ್ತಿದೆ, ಅದೂ ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗೆ, ಮಾತ್ರೆ ನಿಲ್ಲಿಸಿಬಿಡಲಾ ಅಂತ ಕೇಳಿದ್ದೀರಿ. ದೊಡ್ಡಮ್ಮ ಆಗಲೇ "ಎಲ್ಲಾ ನಿಲ್ಲಿಸಿ, ಖಾರ ಬಿಡಿಸಿ, ಹೊಟ್ಟೆ ತಾನೇ ಸರಿಹೋಗುತ್ತದೆ" ಅಂತ ಬರೆದಿದ್ದಾರೆ. ದೊಡ್ಡಮ್ಮ, ಕೋಪ ಮಾಡಿಕೊಳ್ಳಬೇಡಿ, ಈ ಒಂದು ಮಾತು ನಾನು ಒಪ್ಪುವುದಿಲ್ಲ.

ನೀವಾಗಿಯೇ ನಿಲ್ಲಿಸಬೇಡಿ ಅತ್ತಿಗೆ. ಹಾಗಂತ ಸುಮ್ನೆ ಕೂರಲೂಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಯಾಕೆ ಅಂತ ಹೇಳುತ್ತೇನೆ ಕೇಳಿ.

ನೀವು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ನಾಲ್ಕು ಥರದ ಮಾತ್ರೆ ಇವೆ. ಒಂದು ಬಿಸ್ಮತ್ ಅನ್ನುವ ಲೋಹದ ಅಂಶ ಇರುವುದು. ಒಂದು ಆ್ಯಸಿಡ್ ಕಡಿಮೆ ಮಾಡುವ ಒಮೆಪ್ರಜೋಲ್. ಉಳಿದೆರಡು ಆ್ಯಂಟಿಬಯೋಟಿಕ್, ಟೆಟ್ರಾಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್. ಅಂದರೆ ಇದು ಬರೀ ಹೊಟ್ಟೆ ಉರಿಗೆ ಕೊಟ್ಟದ್ದಲ್ಲ. ಹುಣ್ಣು ಮಾಡುವ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಸಾಯಲಿ ಅಂತ ಕೊಟ್ಟದ್ದು.

ಈಗ ಕಪ್ಪು ಬಣ್ಣದ ವಿಷಯ. ಬಿಸ್ಮತ್ ನಮ್ಮ ಬಾಯಿ, ಕರುಳಿನಲ್ಲಿರುವ ಗಂಧಕದ ಅಂಶದ ಜೊತೆ ಸೇರಿ ಕಪ್ಪಾಗುತ್ತದೆ. ಅದೇ ಕೆಳಗೆ ಬರುತ್ತದೆ, ಅಷ್ಟೇ. ಅಣ್ಣನ ನಾಲಿಗೆ ಚಾಚಿಸಿ ನೋಡಿ, ಅದೂ ಕಪ್ಪಾಗಿರಬಹುದು. ಮಾತ್ರೆ ಮುಗಿದ ಕೆಲವು ದಿನಕ್ಕೆ ಎರಡೂ ಹೋಗುತ್ತವೆ. ಡಾಕ್ಟರು ಇದನ್ನು ಮೊದಲೇ ಒಂದು ಮಾತು ಹೇಳಿದ್ದರೆ ನಿಮಗೆ ಈ ಗಾಬರಿ ಇರುತ್ತಿರಲಿಲ್ಲ, ಅಲ್ವಾ?

ಆದರೆ ಕಷ್ಟ ಇರುವುದೂ ಇಲ್ಲೇ. ಹುಣ್ಣಿನಿಂದ ರಕ್ತ ಸೋರಿದರೂ ಮೋಷನ್ ಕಪ್ಪಗೇ ಬರುತ್ತದೆ. ಆ ಕಪ್ಪು ಬೇರೆ ಥರ. ಡಾಂಬರಿನ ಹಾಗೆ ಹೊಳೆಯುತ್ತದೆ, ಅಂಟಂಟಾಗಿರುತ್ತದೆ, ನೀರು ಹಾಕಿದರೂ ಬೇಗ ಹೋಗುವುದಿಲ್ಲ. ನಾತ ಅಂತೂ ತಡೆಯಲಾಗುವುದಿಲ್ಲ. ಜೊತೆಗೆ ಎದ್ದು ನಿಂತರೆ ತಲೆಸುತ್ತು, ಎದೆ ಡವಡವ, ತಣ್ಣನೆ ಬೆವರು, ಮುಖ ಬಿಳಿಚಿಕೊಳ್ಳುವುದು, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು, ಇವುಗಳಲ್ಲಿ ಒಂದೇ ಒಂದು ಕಂಡರೂ ಫೋನ್ ಗೀನ್ ಅಂತ ಕಾಯಬೇಡಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಣ್ಣನಿಗೆ ತೆಳ್ಳಗೂ ಹೋಗುತ್ತಿರುವುದರಿಂದ ಬರೀ ನೋಡಿ ಇದು ಯಾವ ಕಪ್ಪು ಅಂತ ಮನೆಯಲ್ಲಿ ತೀರ್ಮಾನ ಮಾಡುವುದು ಕಷ್ಟ. ಅದಕ್ಕೇ ಇವತ್ತೇ ಫೋನ್ ಮಾಡಿ ಅಂದದ್ದು. ಮತ್ತೆ ಅಣ್ಣ ಮಂಡಿನೋವಿಗೆ ಅಂತ ಆ ನೋವಿನ ಮಾತ್ರೆ ಇನ್ನೂ ನುಂಗುತ್ತಿದ್ದಾನಾ? ಅದನ್ನೂ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು ತಾವೇ ಹುಣ್ಣು ಮಾಡುತ್ತವೆ, ಇದ್ದ ಹುಣ್ಣಿನಿಂದ ರಕ್ತವನ್ನೂ ಬರಿಸುತ್ತವೆ.

ಇನ್ನು ತೆಳ್ಳಗೆ ಹೋಗುವುದು. ಎರಡೆರಡು ಆ್ಯಂಟಿಬಯೋಟಿಕ್ ಒಟ್ಟಿಗೆ ಬಿದ್ದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಹೊಟ್ಟೆ ಸಡಿಲ ಆಗುತ್ತದೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ರುಚಿ ಬರುವುದು ಮೆಟ್ರೊನಿಡಜೋಲ್ ಕೆಲಸ. (ಅದು ನಡೆಯುವಾಗ ಗುಂಡು ಹಾಕುವ ಹಾಗಿಲ್ಲ ಅಂತ ಅಣ್ಣನಿಗೆ ಗುಟ್ಟಾಗಿ ಹೇಳಿ. ಗ್ರೂಪಿನಲ್ಲೇ ಹೇಳಿಬಿಟ್ಟೆ, ಹೋಗಲಿ.) ಸಾಮಾನ್ಯವಾಗಿ ಕೋರ್ಸ್ ಮುಗಿದ ಮೇಲೆ ಹೊಟ್ಟೆ ಸರಿಹೋಗುತ್ತದೆ. ಅಲ್ಲಿಯವರೆಗೆ ನೀರು, ಓಆರ್‌ಎಸ್ ಕುಡಿಸುತ್ತಿರಿ. ಆದರೆ ನೀರು ನೀರಾಗಿ ಹೋಗುವುದು ಜಾಸ್ತಿಯಾದರೆ, ಜ್ವರ ಬಂದರೆ, ಹೊಟ್ಟೆ ಹಿಂಡಿದರೆ, ಅದು ಬೇರೆ ಕಥೆ. ಆ್ಯಂಟಿಬಯೋಟಿಕ್ ಆದಮೇಲೆ ಸಿ. ಡಿಫಿಸಿಲ್ ಅನ್ನುವ ಇನ್ನೊಂದು ಸೋಂಕು ತಗಲಬಹುದು. ಒಮೆಪ್ರಜೋಲ್ ಜಾತಿಯ ಮಾತ್ರೆಗಳಿಗೂ ಅದಕ್ಕೂ ನಂಟಿದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲೇ ಎಚ್ಚರಿಸಿತ್ತು. ಕೋರ್ಸ್ ಮುಗಿದು ಕೆಲವು ವಾರ ಆದಮೇಲೂ ಅದು ಬರಬಹುದು. ಅದಕ್ಕೇ ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ನೀವೇ ಕೊಡಬೇಡಿ, ಡಾಕ್ಟರು ಹೇಳಲಿ.

ನನ್ನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ನನಗೆ ಹುಣ್ಣಾದಾಗ ಸುಕ್ರಾಲ್ಫೇಟ್ ಸಿರಪ್ ಕೊಟ್ಟಿದ್ದರು. ಹುಣ್ಣಿನ ಮೇಲೆ ಪದರದ ಹಾಗೆ ಕೂತು ಕಾಪಾಡುತ್ತದೆ ಅದು. ನನ್ನ ಹೊಟ್ಟೆ ನಾಲ್ಕು ದಿನ ಕಟ್ಟಿಕೊಂಡಿತು! ನೀರು ಕಮ್ಮಿ, ಓಡಾಟ ಕಮ್ಮಿ ಅಂತ ಎಲ್ಲದರ ಮೇಲೂ ಗೂಬೆ ಕೂರಿಸಿದೆ, ಸಿರಪ್ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅದರಲ್ಲಿ ಅಲ್ಯುಮಿನಿಯಂ ಇದೆ, ಅಲ್ಯುಮಿನಿಯಂ ಹೊಟ್ಟೆ ಕಟ್ಟುತ್ತದೆ ಅಂತ ಆಮೇಲೆ ಗೊತ್ತಾಯಿತು. ಮೆಗ್ನೀಸಿಯಂ ಇರುವ ಆ್ಯಂಟಾಸಿಡ್ ಆದರೆ ಸಡಿಲ ಮಾಡುತ್ತದೆ. ಒಂದು ಕಟ್ಟುತ್ತದೆ, ಇನ್ನೊಂದು ಬಿಡಿಸುತ್ತದೆ ಅಂತಲೇ ಎಷ್ಟೋ ಆ್ಯಂಟಾಸಿಡ್ ಬಾಟಲಿಗಳಲ್ಲಿ ಎರಡನ್ನೂ ಬೆರೆಸಿರುತ್ತಾರೆ.

ಬಾಟಲಿ ಅಂದಾಗ ನೆನಪಾಯಿತು. ಫೋಟೋದಲ್ಲಿ ಮಾತ್ರೆಗಳ ಹಿಂದೆ ಗುಲಾಬಿ ಬಣ್ಣದ ಒಂದು ಬಾಟಲಿ ಇದೆಯಲ್ಲ, ಅರ್ಧ ಖಾಲಿ. ಚೀಟಿಯಲ್ಲಿ ಅದು ಇಲ್ಲ. ಅಣ್ಣ ಉರಿ ಬಂದಾಗೆಲ್ಲ ಅದನ್ನು ಗುಟುಕರಿಸುತ್ತಿದ್ದಾನಾ? ಆ್ಯಂಟಾಸಿಡ್ ಆಗಿದ್ದರೆ ಎರಡು ತೊಂದರೆ. ಮೆಗ್ನೀಸಿಯಂ ಇದ್ದರೆ ಭೇದಿ ಹೆಚ್ಚಾಗುತ್ತದೆ. ಜೊತೆಗೆ ಟೆಟ್ರಾಸೈಕ್ಲಿನ್ ಅದರೊಟ್ಟಿಗೆ ಅಂಟಿಕೊಂಡು ಮೈಗೆ ಸರಿಯಾಗಿ ಹತ್ತುವುದೇ ಇಲ್ಲ. ಹಾಲಿನ ಜೊತೆ ನುಂಗಿದರೂ ಅದೇ ಪಾಡು. ಇಷ್ಟೆಲ್ಲ ಕಷ್ಟಪಟ್ಟು ನುಂಗಿ ಔಷಧಿ ದಂಡ!

ದೊಡ್ಡಮ್ಮ, ಖಾರ, ಚಿಂತೆಯಿಂದ ಹುಣ್ಣು ಅಂತ ಮೊದಲು ಡಾಕ್ಟರುಗಳೇ ನಂಬಿದ್ದರು. ಬ್ಯಾರಿ ಮಾರ್ಷಲ್ ಅಂತ ಆಸ್ಟ್ರೇಲಿಯಾದ ಡಾಕ್ಟರು, ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಅಂದರೆ ಯಾರೂ ನಂಬಲಿಲ್ಲ ಅಂತ, 1984ರಲ್ಲಿ ತಾವೇ ಆ ಎಚ್. ಪೈಲೋರಿ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಅವರಿಗೂ ಅವರ ಜೊತೆಗಿದ್ದ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಅರ್ಧಕ್ಕೇ ಮಾತ್ರೆ ಬಿಟ್ಟರೆ ಬ್ಯಾಕ್ಟೀರಿಯಾ ಉಳಿದುಕೊಳ್ಳಬಹುದು, ಮುಂದಿನ ಸಲ ಅದೇ ಔಷಧಿಗೆ ಬಗ್ಗದೆಯೂ ಹೋಗಬಹುದು. ಈ ಕೋರ್ಸ್ ತೀರಾ ಆಗುವುದೇ ಇಲ್ಲ ಅಂದರೆ ಡಾಕ್ಟರು ಬೇರೆ ಕೊಡುತ್ತಾರೆ, ದಾರಿ ಇದೆ.

ಅತ್ತಿಗೆ, ಫೋನ್ ಮಾಡುವಾಗ ಎಷ್ಟು ಸಲ ಹೋಯಿತು, ಯಾವತ್ತಿಂದ ಕಪ್ಪಾಯಿತು, ಇಷ್ಟು ಹೇಳಿ. ಹಾಗೇ ಆ ಬಾಟಲಿ ತಿರುಗಿಸಿ ಲೇಬಲ್ ಕಾಣುವ ಹಾಗೆ ಇನ್ನೊಂದು ಫೋಟೋ ಹಾಕಿ. ಅಣ್ಣನನ್ನು ಕೇಳಬೇಡಿ, ಕುಡಿದೇ ಇಲ್ಲ ಅನ್ನುತ್ತಾನೆ.