ಸ್ಮಿತ್ ಎಂದರೆ ನಗುವವನಲ್ಲ

ನಮ್ಮ ಹೈಸ್ಕೂಲಿನ 1989ರ ತಂಡದ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಹೂವುಗಳು ಮತ್ತು ಮಕ್ಕಳ ಮದುವೆಯ ಫೋಟೋಗಳು ಬಿಟ್ಟರೆ ಬೇರೇನೂ ಬರುವುದಿಲ್ಲ. ಕಳೆದ ಭಾನುವಾರ ಮಾತ್ರ ಚಹಾ ಆರುವಷ್ಟರಲ್ಲಿ ಜಗಳ ಹತ್ತಿಕೊಂಡಿತು. ಶಾಲೆಯಲ್ಲಿ ನಾವು ಒಬ್ಬರನ್ನೊಬ್ಬರು ಅಡ್ಡಹೆಸರಿನಿಂದಲೇ, ಅಂದರೆ ಮನೆತನದ ಹೆಸರಿನಿಂದಲೇ, ಕರೆಯುತ್ತಿದ್ದೆವು, ಈಗಲೂ ಹಾಗೆಯೇ. ಅಡ್ಮಿನ್ ನಾನು, ಹೂಗಾರ. ಯಾರೂ ಬೇಡವೆನ್ನಲಿಲ್ಲವಾದ್ದರಿಂದ ಇಲ್ಲಿ ಇಳಿಸಿದ್ದೇನೆ. ನಡುವೆ ಬಂದ ಗ್ಯಾಸ್ ಸಿಲಿಂಡರಿನ ವಿಚಾರಣೆಯನ್ನು ಕೈಬಿಟ್ಟಿದ್ದೇನೆ.

ಕುಲಕರ್ಣಿ, 7:42
(ಫಾರ್ವರ್ಡ್) ನಿಮಗೆ ಗೊತ್ತೇ? ಇಂಗ್ಲಿಷರ ಅತಿ ಪ್ರಸಿದ್ಧ ಅಡ್ಡಹೆಸರಾದ ‘ಸ್ಮಿತ್’ ಬಂದದ್ದು ನಮ್ಮ ಸಂಸ್ಕೃತದ ‘ಸ್ಮಿತ’ದಿಂದ! ಸ್ಮಿತ ಎಂದರೆ ಮುಗುಳುನಗೆ. ಸದಾ ನಗುಮುಖದ ಮನೆತನ ಎಂದು ಅರ್ಥ. ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳುಹಿಸಿ.

ಪಾಟೀಲ, 7:44
ಅದ್ಭುತ. ಕಳುಹಿಸಿದೆ.

ಕಮ್ಮಾರ, 7:58
ಕುಲಕರ್ಣಿ, ಸ್ಮಿತ್ ಎಂದರೆ ಕಮ್ಮಾರ. ನಾನು. ನಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆಂಕಿಯ ಮುಂದೆ ಕುಳಿತವನಿಗೆ ನಗಲು ಬಿಡುವೂ ಇರುವುದಿಲ್ಲ.

ಕುಲಕರ್ಣಿ, 8:01
ಎಲ್ಲವನ್ನೂ ನಿನ್ನ ಮೇಲೆ ಎಳೆದುಕೊಳ್ಳಬೇಡ. ಉಚ್ಚಾರಣೆ ನೋಡು. ಸ್ಮಿತ, ಸ್ಮಿತ್. ಒಂದೇ ಅಲ್ಲವೇ?

ಕಮ್ಮಾರ, 8:03
ಉಚ್ಚಾರಣೆ ನೋಡಿ ನೆಂಟಸ್ತಿಕೆ ಹೇಳುವುದಾದರೆ ನಿನ್ನ ಬೀಗರು ಎಂದು ಬಾಗಿಲ ಬೀಗವನ್ನೂ ಊಟಕ್ಕೆ ಕರೆಯಬೇಕಾಗುತ್ತದೆ.

ಪಾಟೀಲ, 8:05
‘ಸ್ಮೈಟ್’ ಎಂದರೆ ಬಡಿ ಎಂದಲ್ಲವೇ? ಬಡಿಯುವವನು ಸ್ಮಿತ್ ಎಂದು ಎಲ್ಲೋ ಓದಿದ ನೆನಪು.

ದೇಸಾಯಿ ಸರ್, 8:19
ಮಕ್ಕಳೇ, ನಿವೃತ್ತ ಮಾಸ್ತರನಿಗೆ ಭಾನುವಾರವೂ ತರಗತಿಯೇ. ಪಾಟೀಲ, ‘ಸ್ಮೈಟ್’ ಕೂಡ ಅಲ್ಲ, ಅದು ಬೇರೆ ಧಾತು. ಹಳೆಯ ಇಂಗ್ಲಿಷಿನಲ್ಲಿ ಲೋಹದ ಕೆಲಸ ಮಾಡುವವನಿಗೆಲ್ಲ ಸ್ಮಿತ್ ಎಂದೇ ಹೆಸರು. ಕಬ್ಬಿಣ, ತಾಮ್ರ, ಬೆಳ್ಳಿ, ಬಂಗಾರ ಯಾವುದಾದರೂ ಸರಿ. ಅದರ ಬೇರು ಕೊರೆಯುವುದು, ಕೆತ್ತುವುದು ಎಂಬ ಅರ್ಥದ್ದು ಎನ್ನುತ್ತಾರೆ. ತಮಾಷೆ ಏನೆಂದರೆ ಅದೇ ಬೇರಿನ ಗ್ರೀಕ್ ಪದ ‘ಸ್ಮಿಲೇ’. ಅರ್ಥ ನಗೆಯಲ್ಲ, ಉಳಿ! ಇನ್ನು ಕುಲಕರ್ಣಿಗೂ ಅರ್ಧ ಅಂಕ ಕೊಡುತ್ತೇನೆ. ಸಂಸ್ಕೃತದ ಸ್ಮಿತಕ್ಕೆ ಇಂಗ್ಲಿಷಿನಲ್ಲಿ ನೆಂಟ ಇದ್ದಾನೆ. ಅವನು ‘ಸ್ಮೈಲ್’, ಸ್ಮಿತ್ ಅಲ್ಲ.

ಕುಲಕರ್ಣಿ, 8:22
ಅರ್ಧ ಅಂಕ ಸಿಕ್ಕಿತಲ್ಲ, ಸಾಕು. ಆದರೆ ಸರ್, ಒಂದು ಸಂಶಯ. ಊರಿಗೆ ಒಬ್ಬನೇ ಕಮ್ಮಾರ, ಹೊಲ ಉಳುವವರು ಇನ್ನೂರು ಜನ. ಹಾಗಿದ್ದರೆ ಇಂಗ್ಲೆಂಡಿನಲ್ಲಿ ‘ಫಾರ್ಮರ್’ ಎಂಬ ಅಡ್ಡಹೆಸರು ಮೊದಲ ಸ್ಥಾನದಲ್ಲಿ ಇರಬೇಕಿತ್ತು. ಲೆಕ್ಕ ಕೂಡುವುದಿಲ್ಲ.

ಕಮ್ಮಾರ, 8:26
ಲೆಕ್ಕ ಅಲ್ಲಿಯೇ ಕೂಡುತ್ತದೆ. ಇನ್ನೂರು ಜನ ಉಳುವ ಊರಿನಲ್ಲಿ ‘ಉಳುವ ಜಾನ್’ ಎಂದು ಕರೆದರೆ ಇನ್ನೂರೂ ಜನ ತಿರುಗಿ ನೋಡುತ್ತಾರೆ. ‘ಕಮ್ಮಾರ ಜಾನ್’ ಎಂದರೆ ಒಬ್ಬನೇ. ಹೆಸರು ಅಂಟಿಕೊಳ್ಳುವುದು ಬೇರೆಯವರಿಂದ ಬೇರೆಯಾಗಿ ಕಾಣುವವನಿಗೆ. ಮತ್ತು ಅಂಥವನು ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಇದ್ದ.

ದೇಸಾಯಿ ಸರ್, 8:31
ಪೂರ್ತಿ ಅಂಕ. ಇನ್ನೊಂದು ಸಂಗತಿ. ಇಂಗ್ಲೆಂಡಿನಲ್ಲಿ ಅಪ್ಪನ ಅಡ್ಡಹೆಸರು ಮಗನಿಗೆ ಬರುವ ರೂಢಿ ನೆಲೆಯೂರಿದ್ದು 1066ರಲ್ಲಿ ನಾರ್ಮನ್ನರು ಬಂದ ಮೇಲೆ, ನಿಧಾನವಾಗಿ, ಎರಡು ಮೂರು ಶತಮಾನಗಳಲ್ಲಿ. 1377, 1379, 1381ರಲ್ಲಿ ತಲೆಗಂದಾಯ ಹಾಕಿದಾಗ ಊರೂರಿನ ಪಟ್ಟಿ ಬರೆದರು. ಬರೆಯುವವನಿಗೆ ಲ್ಯಾಟಿನ್ ಮೋಹ ಹೆಚ್ಚಿದ್ದರೆ ಅದೇ ಕಮ್ಮಾರ ‘ಫಾಬೆರ್’ ಆಗುತ್ತಿದ್ದ.

ಕಮ್ಮಾರ, 8:33
ನೋಡಿದಿರಾ? ಅಲ್ಲಿಯೂ ಬರೆಯುವವನು ಕುಲಕರ್ಣಿಯೇ. ನಮ್ಮ ಹೆಸರನ್ನು ತನಗೆ ಬೇಕಾದಂತೆ ತಿದ್ದುವವನು.

ಹೂಗಾರ, 8:34
ಅಡ್ಮಿನ್ ಆಗಿ ಹೇಳುತ್ತಿದ್ದೇನೆ, ಮಾತು ಹೆಸರಿನ ಮೇಲಿರಲಿ.

ದೇಸಾಯಿ ಸರ್, 8:37
ಹೂಗಾರ, ಅವನು ಹೇಳಿದ್ದು ಹೆಸರಿನ ಮಾತೇ! ಬರೆಯಲು ಬಲ್ಲವನಿಗೆ ಅಲ್ಲಿ ‘ಕ್ಲಾರ್ಕ್’ ಎನ್ನುತ್ತಿದ್ದರು. ಇಲ್ಲಿ ಊರ ಲೆಕ್ಕ ಬರೆಯುವವನು ಕುಲಕರ್ಣಿ. ಪಾಟೀಲ, ನಿನ್ನಂಥ ಊರ ಮುಖ್ಯಸ್ಥನಿಗೆ ಹತ್ತಿರದವನು ‘ರೀವ್’. ಸೂಪರ್‌ಮ್ಯಾನ್ ಆಗಿ ಹಾರಿದ ನಟ ಕ್ರಿಸ್ಟೋಫರ್ ರೀವ್ ಇದ್ದನಲ್ಲ, ಅದೇ ಹೆಸರು.

ಪಾಟೀಲ, 8:38
ಇಂದಿನಿಂದ ನನ್ನನ್ನು ಸೂಪರ್‌ಮ್ಯಾನ್ ಎಂದೇ ಕರೆಯಿರಿ. ಅಂದ ಹಾಗೆ 2015ರಲ್ಲಿ ಕ್ಲಾರ್ಕ್ ನಿವೃತ್ತನಾದ ಮೇಲೆ ಆಸ್ಟ್ರೇಲಿಯಾ ಟೆಸ್ಟ್ ತಂಡಕ್ಕೆ ಸ್ಮಿತ್ ನಾಯಕನಾದ. ಅಂದರೆ ಕುಲಕರ್ಣಿ ಇಳಿದ, ಕಮ್ಮಾರ ಏರಿದ!

ಕುಲಕರ್ಣಿ, 8:40
ಹಾಸ್ಯ ಸಾಕು.

ಶೈಲಜಾ, 8:52
ನ್ಯೂಜೆರ್ಸಿಯಲ್ಲಿ ಇನ್ನೂ ಶನಿವಾರ ರಾತ್ರಿ, ಮಲಗುವ ಮೊದಲು ಎಲ್ಲವನ್ನೂ ಓದಿದೆ. ಅಮೆರಿಕದ 2010ರ ಜನಗಣತಿಯಲ್ಲಿ ಸ್ಮಿತ್‌ಗಳ ಸಂಖ್ಯೆ 24,42,977. ಮೊದಲ ಸ್ಥಾನ. ಆದರೆ ಇವರೆಲ್ಲ ಇಂಗ್ಲಿಷ್ ಕಮ್ಮಾರರ ಮೊಮ್ಮಕ್ಕಳಲ್ಲ. ಜರ್ಮನಿಯಿಂದ ಬಂದ ಷ್ಮಿಟ್‌ಗಳು ಸ್ಮಿತ್ ಆದರು, ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಹೆಸರು ಹೇಳಲು ಅಂಜಿ ಆದವರೂ ಉಂಟು. ಐರ್ಲೆಂಡಿನ ಮೆಕ್‌ಗೋವನ್ ಎಂದರೆ ಕಮ್ಮಾರನ ಮಗ, ಅವರಲ್ಲಿ ಎಷ್ಟೋ ಮಂದಿ ಹೆಸರನ್ನು ಅನುವಾದಿಸಿಕೊಂಡರು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಲ್ಲಿಯೂ ಈ ಹೆಸರಿನವರು ಬಹಳ.

ಪಾಟೀಲ, 8:54
ವಲಸೆ ಬಂದವರು ಇಳಿಯುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳೇ ಬಂದವರ ಹೆಸರು ಬದಲಿಸುತ್ತಿದ್ದರಂತೆ?

ಶೈಲಜಾ, 8:57
ಅದೂ ಫಾರ್ವರ್ಡಿನ ಜಾತಿಯದೇ. ಹಡಗಿನವರು ಹೊರಡುವ ಬಂದರಿನಲ್ಲೇ ಪಟ್ಟಿ ಬರೆದು ತರುತ್ತಿದ್ದರು, ಎಲ್ಲಿಸ್ ದ್ವೀಪದವರು ಅದರೊಂದಿಗೆ ಹೋಲಿಸಿ ನೋಡುತ್ತಿದ್ದರು. ಹೆಸರು ಬದಲಿಸಿಕೊಂಡವರು ಹೆಚ್ಚಾಗಿ ಆಮೇಲೆ ತಾವೇ ಬದಲಿಸಿಕೊಂಡರು. ನನ್ನ ಕಥೆ ಕೇಳಿ. ಅಪ್ಪ ಮೈಸೂರಿನಿಂದ ವರ್ಗವಾಗಿ ನಿಮ್ಮ ಊರಿಗೆ ಬಂದವರು, ನಮಗೆ ಅಡ್ಡಹೆಸರೇ ಇಲ್ಲ. ವೀಸಾ ಅರ್ಜಿಯಲ್ಲಿ ಅಪ್ಪನ ಹೆಸರು ತುಂಬಿದೆ. ಇಲ್ಲಿ ಮೂವತ್ತು ವರ್ಷಗಳಿಂದ ಎಲ್ಲರೂ ನನ್ನನ್ನು ಶ್ರೀಮತಿ ನಾರಾಯಣ ಎಂದು ಕರೆಯುತ್ತಾರೆ. ಅಮ್ಮನನ್ನು ಕರೆದಂತೆ ಕೇಳಿಸುತ್ತದೆ.

ಕುಲಕರ್ಣಿ, 9:05
ಸರಿ, ಫಾರ್ವರ್ಡ್ ತಪ್ಪು. ಆದರೆ ಅಷ್ಟು ದೊಡ್ಡ ಹೆಸರಿಗೆ ಇಷ್ಟು ಸಾಮಾನ್ಯ ಅರ್ಥವೇ ಎಂದು ಮನಸ್ಸು ಒಪ್ಪುತ್ತಿಲ್ಲ.

ಕಮ್ಮಾರ, 9:21
ಈ ಮಾತಿಗೇ ಕಾಯುತ್ತಿದ್ದೆ. ‘ಸಾಮಾನ್ಯ.’ ಎಂಟನೆಯ ತರಗತಿಯಲ್ಲಿ ನನ್ನ ಅಂಗಿಯ ಮಸಿ ನೋಡಿ ಹಿಂದಿನ ಬೆಂಚಿನಿಂದ ‘ಠಣ್ ಠಣ್’ ಎನ್ನುತ್ತಿದ್ದವರು ಯಾರು ಎಂದು ಹೇಳುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ತಿದಿ ಒತ್ತಿ ಶಾಲೆಗೆ ಬರುತ್ತಿದ್ದೆ. ನೇಗಿಲಿನ ಕುಳ ಕಾಯುವಾಗ ಅಪ್ಪ ಮಾತನಾಡುತ್ತಿರಲಿಲ್ಲ, ಬಣ್ಣ ನೋಡುತ್ತಿದ್ದರು. ಹಣ್ಣು ಮೆಣಸಿನಕಾಯಿಯ ಕೆಂಪು ಬಂದರೆ ‘ಇನ್ನೂ ಒತ್ತು’ ಎನ್ನುತ್ತಿದ್ದರು. ಮಾಗಿದ ಬಾಳೆಹಣ್ಣಿನ ಕಡೆಗೆ ತಿರುಗಿದಾಗ ಇಕ್ಕಳ ಕೈಗೆ. ಅಡಿಗಲ್ಲಿನ ಮೇಲೆ ಏಳೆಂಟು ಏಟು ಬೀಳುವಷ್ಟರಲ್ಲಿ ಮತ್ತೆ ಕೆಂಪು, ಮತ್ತೆ ಕುಲುಮೆ. ಕುಡುಗೋಲಿಗಾದರೆ ಅಲಗನ್ನು ಮಾತ್ರ ನೀರಿಗೆ ತಾಗಿಸಬೇಕು, ಬೆನ್ನಿಗೆ ನೀರು ಮುಟ್ಟಬಾರದು. ಇದು ಸಾಮಾನ್ಯ.

ಕಮ್ಮಾರ, 9:24
ಸಂಸ್ಕೃತವೇ ಬೇಕಿದ್ದರೆ ಋಗ್ವೇದದ ಹತ್ತನೆಯ ಮಂಡಲ, 72ನೆಯ ಸೂಕ್ತ ತೆರೆ. ದೇವತೆಗಳ ಹುಟ್ಟನ್ನು ಹೇಳುವಾಗ ಬ್ರಹ್ಮಣಸ್ಪತಿ ‘ಕರ್ಮಾರ ಇವ’ ಊದಿದ ಎಂದಿದೆ. ಕಮ್ಮಾರನಂತೆ! ನಮ್ಮ ಹೆಸರು ಆ ಕರ್ಮಾರದಿಂದಲೇ ಬಂದದ್ದು. ಬುದ್ಧನಿಗೆ ಕೊನೆಯ ಊಟ ಬಡಿಸಿದ ಚುಂದನನ್ನೂ ಪಾಲಿಯಲ್ಲಿ ‘ಕಮ್ಮಾರಪುತ್ತ’ ಎನ್ನುತ್ತಾರೆ. ನಿನಗೆ ಹೆಮ್ಮೆಪಡಲು ಇಂಗ್ಲೆಂಡಿನ ಸ್ಮಿತ್ ಏಕೆ ಬೇಕಾಯಿತು?

ದೇಸಾಯಿ ಸರ್, 9:30
ಇಟಲಿಯ ಫೆರಾರಿ, ಫ್ರಾನ್ಸಿನ ಲೆಫೆವ್ರ್, ಹಂಗೇರಿಯ ಕೊವಾಚ್, ರಷ್ಯಾದ ಕುಜ್ನೆತ್ಸೋವ್, ಅರಬರ ಹದ್ದಾದ್, ಎಲ್ಲವೂ ಕಮ್ಮಾರನ ಹೆಸರುಗಳೇ. ಕಮ್ಮಾರ, ನಿನ್ನ ಬಳಗ ದೊಡ್ಡದು.

ಪಾಟೀಲ, 9:31
ಅಂದರೆ ಫೆರಾರಿ ಕಾರಿಗೆ ಕನ್ನಡದಲ್ಲಿ ‘ಕಮ್ಮಾರ ಕಾರು’?

ಕುಲಕರ್ಣಿ, 9:46
ಠಣ್ ಠಣ್ ಎಂದದ್ದು ನಾನು. ಎಲ್ಲರಿಗೂ ಗೊತ್ತಿದೆ. ಫಾರ್ವರ್ಡ್ ಅಳಿಸಿದ್ದೇನೆ.

ಪಾಟೀಲ, 9:47
ನಾನು ಕಳುಹಿಸಿದ ಹತ್ತು ಜನರಿಗೆ ಏನು ಹೇಳಲಿ?

ಕಮ್ಮಾರ, 9:55
(ಫೋಟೋ: ಹಿತ್ತಿಲಿನ ಅಡಿಗಲ್ಲು, ಮೇಲೊಂದು ತುಳಸಿಯ ಕುಂಡ)
ಉಳಿದಿರುವುದು ಇದೊಂದೇ. ಅಂದ ಹಾಗೆ ಕುಲಕರ್ಣಿ, 1972ರ ಬರದ ವರ್ಷ ನಿಮ್ಮ ಅಜ್ಜ ನಮಗೆ ಆಯ, ವರ್ಷದ ಕೆಲಸಕ್ಕೆ ಕೊಡುವ ಕಾಳು, ಕೊಟ್ಟಿರಲಿಲ್ಲ. ಅಪ್ಪ ಕೊನೆಯವರೆಗೂ ನೆನೆಸುತ್ತಿದ್ದರು.

ಕುಲಕರ್ಣಿ, 9:58
ಬಾಕಿ ಎಷ್ಟು?

ಕಮ್ಮಾರ, 9:59
ಎರಡು ಬುಟ್ಟಿ ಬಿಳಿ ಜೋಳ. ಲೆಕ್ಕ ಬರೆಯುವವರು ನೀವೇ ಅಲ್ಲವೇ, ಪುಸ್ತಕ ತೆಗೆದು ನೋಡು.