ಸಹಾಯ ಬೇಕು: ಧೂಳು ಅಳೆಯೋ ಯಂತ್ರದ ಜಾಗ ಬದಲಿಸಾಕ ಪಂಚಾಯ್ತಿ ಕೇಳಬಹುದಾ?

ಕೊಪ್ಪಳ ತಾಲ್ಲೂಕಿನ ಗ್ರಾಮ ಪಂಚಾಯ್ತಿಯೊಂದರ ಪ್ರಶ್ನೆ. ಪಕ್ಕದಲ್ಲೇ ಸ್ಪಾಂಜ್ ಐರನ್ (ಉಕ್ಕು ಮಾಡಾಕ ಬಳಸೋ ಕಬ್ಬಿಣ) ಕಾರ್ಖಾನೆ ಐತಿ, ಪರಿಸರ ಅನುಮತಿ ಕೇಂದ್ರ ಪರಿಸರ ಸಚಿವಾಲಯದ್ದು. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಂತೆ (2009ರ ತಿದ್ದುಪಡಿ ಸೇರಿ) ಅನುಮತಿ ಪತ್ರದ ಪ್ರತಿ ಪಂಚಾಯ್ತಿಗೆ ಬರಬೇಕು, 30 ದಿನ ಪ್ರದರ್ಶಿಸಬೇಕು. ಬಂದೇ ಇಲ್ಲ. ಸಚಿವಾಲಯದ ಪರಿವೇಶ್ ಪೋರ್ಟಲ್‌ನಿಂದ ಇಳಿಸಿಕೊಂಡಿದ್ದಾಯ್ತು. ಜೂನ್ 1, ಡಿಸೆಂಬರ್ 1ಕ್ಕೆ ಕಂಪನಿ ಕೊಡಬೇಕಾದ ಅರ್ಧವಾರ್ಷಿಕ ಪಾಲನಾ ವರದಿನೂ (ಅನುಮತಿ ಷರತ್ತು ಪಾಲಿಸಿದ ಲೆಕ್ಕ) ಸಿಕ್ಕೈತಿ.

ತೊಡಕು ಇರೋದು ಆ ವರದಿಯಲ್ಲೇ. ಪಿಎಂ 10 (ಗಾಳಿಯಲ್ಲಿನ ಸಣ್ಣ ಧೂಳಿನ ಕಣ) ಮಿತಿ 24 ತಾಸಿನ ಸರಾಸರಿಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ. ವರದಿಯ ರೀಡಿಂಗ್ ಮಾತ್ರ ಹಗಲಿನ 8 ತಾಸಿನದು! ಇಎಸ್‌ಪಿ (ಹೊಗೆಯಲ್ಲಿನ ಧೂಳು ಹಿಡಿಯೋ ಸಾಧನ) ಬಂದ್ ಮಾಡಿ ಹೊಗೆ ಬಿಡೋ ರಾತ್ರಿ ಲೆಕ್ಕಕ್ಕೇ ಇಲ್ಲ. ಮೇಲಾಗಿ ಧೂಳು ಅಳೆಯೋ ಯಂತ್ರ ಕಾರ್ಖಾನೆಯ ನೈಋತ್ಯಕ್ಕೈತಿ, ಮುಂಗಾರು ಗಾಳಿ ಬರೋದೂ ಅದೇ ಕಡೆಯಿಂದ. ಹಂಗಾಗಿ ಕರಿ ಧೂಳು ಬೀಳೋದು ಯಂತ್ರದ ಕಡೆಗಲ್ಲ, ಈಶಾನ್ಯದ ಊರ ಮೇಲೆ.

ಗ್ರಾಮಸಭೆ ಠರಾವು, ಧೂಳು ಕುಂತ ಹತ್ತಿ ಎಲೆಯ ಫೋಟೊ ಎಲ್ಲಾ ಸೇರಿಸಿ ಜಿಲ್ಲೆಯ ಒಂದು ಕಚೇರಿಗೆ ಕೊಟ್ರೆ, ‘ಅನುಮತಿ ಷರತ್ತು ನಮ್ಮ ವ್ಯಾಪ್ತಿ ಅಲ್ಲ’ ಅಂತ ಹಿಂಬರಹ ಬಂತು.

ಈಗ ಠರಾವನ್ನು ನೇರವಾಗಿ ಸಚಿವಾಲಯದ ಬೆಂಗಳೂರು ಪ್ರಾದೇಶಿಕ ಕಚೇರಿಗೆ ಕಳಿಸಬೇಕಾ, ಜಿಲ್ಲಾಧಿಕಾರಿ ಮೂಲಕ ಹೋಗಬೇಕಾ? ಜಾಗ ಬದಲಿಸಿ 24 ತಾಸು ಅಳೀರಿ ಅಂತ ಕೇಳಾಕ ಯಾವ ಷರತ್ತು ಉಲ್ಲೇಖಿಸಬೇಕು? ಹಿಂಗ ಮಾಡಿಸಿದವರು ಯಾರಾದ್ರೂ ಇದ್ರ ಪತ್ರದ ನಮೂನೆ ಹಾಕ್ತೀರಾ?